ಕೇಳಿ, ಹೇಳುತ್ತೇವೆ: ಬಲ ಒಂದೇ ಸಮ ಇಲ್ಲದಾಗ

ಈ ಸಲ ಬಂದ ಪ್ರಶ್ನೆಗಳಲ್ಲಿ ಸ್ಪ್ರಿಂಗು, ರಬ್ಬರು, ಬಾವಿಹಗ್ಗ, ಜೋಕಾಲಿಯವೇ ಹೆಚ್ಚು. ನೋಡಲು ಬೇರೆಬೇರೆ, ಆದರೆ ಎಲ್ಲದರಲ್ಲೂ ದಾರಿಯುದ್ದಕ್ಕೂ ಬಲ ಬದಲಾಗುತ್ತ ಹೋಗುತ್ತದೆ. ಕೇಳಿದವರು ಎಡವಿರುವುದೂ ಹೆಚ್ಚುಕಡಿಮೆ ಅಲ್ಲೇ. ಹಾಗಾಗಿ ಒಟ್ಟಿಗೆ ಇಟ್ಟಿದ್ದೇವೆ.

ಪ್ರಶ್ನೆ: ನಾನು ಪ್ರಥಮ ಪಿಯುಸಿ. 2 ಕೆ.ಜಿ.ಯ ಮರದ ದಿಮ್ಮಿ ನುಣುಪು ನೆಲದ ಮೇಲೆ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಜಾರಿ ಬಂದು ಸ್ಪ್ರಿಂಗಿಗೆ ಬಡಿಯುತ್ತದೆ. ಸ್ಪ್ರಿಂಗ್ ಸ್ಥಿರಾಂಕ ಮೀಟರಿಗೆ 800 ನ್ಯೂಟನ್. ಎಷ್ಟು ಕುಗ್ಗುತ್ತದೆ? ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿ ವೇಗೋತ್ಕರ್ಷ ತೆಗೆದು, 'ವೇಗದ ವರ್ಗ = 2 × ವೇಗೋತ್ಕರ್ಷ × ದೂರ' ಸೂತ್ರಕ್ಕೆ ಹಾಕಿದೆ. 10.6 ಸೆಂ.ಮೀ. ಬಂತು. ಉತ್ತರ 15 ಸೆಂ.ಮೀ. ಎಂದಿದೆ. ತಪ್ಪೆಲ್ಲಿ? (ವಿದ್ಯಾರ್ಥಿನಿ, ಹಾವೇರಿ)

ಉತ್ತರ: ಗುಣಿಸಿದ್ದು, ಭಾಗಿಸಿದ್ದು ಸರಿಯೇ ಇದೆ. ಆರಿಸಿಕೊಂಡ ಸೂತ್ರವೇ ಈ ಲೆಕ್ಕದ್ದಲ್ಲ. ಅದು ವೇಗೋತ್ಕರ್ಷ ಮೊದಲಿಂದ ಕೊನೆಯವರೆಗೆ ಒಂದೇ ಇದ್ದಾಗ ಮಾತ್ರ ನಡೆಯುವಂಥದ್ದು. ಸ್ಪ್ರಿಂಗನ್ನು ಮುಟ್ಟಿದ ಕ್ಷಣ ದಿಮ್ಮಿಯ ಮೇಲೆ ಬಲವೇ ಇಲ್ಲ. ಪೂರ್ತಿ ಕುಗ್ಗಿದಾಗ ಬಲ ಗರಿಷ್ಠ. ನೀವು ಆ ಕೊನೆಯ ಗರಿಷ್ಠ ಬಲವೇ ಶುರುವಿನಿಂದ ತಡೆದಿದೆ ಎಂದುಕೊಂಡು ಲೆಕ್ಕ ಮಾಡಿದ್ದೀರಿ. ಅಷ್ಟು ಬಲವಾಗಿ ತಡೆದರೆ ದಿಮ್ಮಿ ಬೇಗ ನಿಲ್ಲಲೇಬೇಕಲ್ಲ? ಅದಕ್ಕೇ ನಿಮ್ಮ ಉತ್ತರ ಕಡಿಮೆ ಬಂದಿದೆ, ಅದೂ ಸರಿಯಾಗಿ 2ರ ವರ್ಗಮೂಲದಷ್ಟು ಪಾಲು ಕಡಿಮೆ. ಮುಂದೆ ಎಂದಾದರೂ ಸ್ಪ್ರಿಂಗ್ ಲೆಕ್ಕದ ಉತ್ತರ 1.41 ಪಟ್ಟು ಆಚೀಚೆ ಆದರೆ ಮೊದಲು ಈ ತಪ್ಪನ್ನೇ ಹುಡುಕಿ.

ಸೂತ್ರ ಬದಿಗಿಟ್ಟು ಕಾಗದದ ಮೇಲೆ ಗೆರೆ ಎಳೆಯೋಣ. ಅಡ್ಡಕ್ಕೆ ಕುಗ್ಗಿದ ದೂರ, ಉದ್ದಕ್ಕೆ ಬಲ. 15 ಸೆಂ.ಮೀ.ಯನ್ನು 3 ಸೆಂ.ಮೀ.ಯ ಐದು ಪಟ್ಟಿ ಮಾಡಿ. ಒಂದೊಂದು ಪಟ್ಟಿಯ ನಟ್ಟನಡುವೆ ಬಲ (800 × ಅಲ್ಲಿಯವರೆಗೆ ಕುಗ್ಗಿದ ದೂರ, ಮೀಟರಿನಲ್ಲಿ) ಎಷ್ಟಿದೆ ನೋಡಿ: 12, 36, 60, 84, 108 ನ್ಯೂಟನ್. ಕೂಡಿದರೆ 300. ಪಟ್ಟಿಯ ಅಗಲ 0.03 ಮೀ.ನಿಂದ ಗುಣಿಸಿದರೆ 9 ಜೂಲ್. ದಿಮ್ಮಿ ಹೊತ್ತು ತಂದ ಚಲನಶಕ್ತಿ ಅರ್ಧ × 2 × 9, ಅಂದರೆ ಅದೂ 9 ಜೂಲ್. ಮುಗಿಯಿತು, 15 ಸೆಂ.ಮೀ.ಗೆ ದಿಮ್ಮಿ ನಿಲ್ಲುತ್ತದೆ.

ಪಟ್ಟಿಯ ನಡುವಿನ ಬಲದ ಬದಲು ಆರಂಭದ ಬಲ ಹಿಡಿದರೆ 7.2 ಜೂಲ್ ಬರುತ್ತದೆ, ಕೊನೆಯದನ್ನು ಹಿಡಿದರೆ 10.8. ನಿಜ ಇವೆರಡರ ನಡುವೆ. ಪಟ್ಟಿಗಳನ್ನು ಸಣ್ಣದು ಮಾಡುತ್ತ ಹೋದಂತೆ ಎರಡೂ ಕಡೆಯಿಂದ 9ಕ್ಕೆ ಹತ್ತಿರವಾಗುತ್ತವೆ. ಅನುಕಲನ ಎಂದು ಪುಸ್ತಕ ಹೆದರಿಸುವುದು ಇದನ್ನೇ. ಸ್ಪ್ರಿಂಗಿನ ಗೆರೆ ನೇರವಾಗಿರುವುದರಿಂದ ಅದರ ಕೆಳಗಿನದು ತ್ರಿಕೋನ, ತ್ರಿಕೋನದ ಕ್ಷೇತ್ರಫಲದಲ್ಲಿ 'ಅರ್ಧ' ಇದ್ದೇ ಇರುತ್ತದೆ. ಸ್ಪ್ರಿಂಗ್ ಶಕ್ತಿಯ ಸೂತ್ರಕ್ಕೆ ಆ ಅರ್ಧ ಬಂದದ್ದು ಅಲ್ಲಿಂದ.

ಪರೀಕ್ಷೆಯಲ್ಲಿ ಇದಕ್ಕೇ ಘರ್ಷಣೆ ಸೇರಿಸಿ ಕೇಳುವುದುಂಟು. ಸ್ಪ್ರಿಂಗ್ ಮುಟ್ಟಿದಲ್ಲಿಂದ ನೆಲ 5 ನ್ಯೂಟನ್ ಬಲದಿಂದ ಎಳೆದು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಆಗ 9 ಜೂಲಿನಲ್ಲಿ ಒಂದು ಪಾಲು ಸ್ಪ್ರಿಂಗಿಗೆ, ಇನ್ನೊಂದು ನೆಲಕ್ಕೆ: 400 × ದೂರದ ವರ್ಗ + 5 × ದೂರ = 9. ದೂರ 14.4 ಸೆಂ.ಮೀ. ಬರುತ್ತದೆ. ವಾಪಸು ಬರುವಾಗಿನ ವೇಗ ಕೇಳಿದರೆ ಹುಷಾರು. ಸ್ಪ್ರಿಂಗ್ ತೆಗೆದುಕೊಂಡ 8.28 ಜೂಲನ್ನು ಪೂರ್ತಿ ಹಿಂದಿರುಗಿಸುತ್ತದೆ. ನೆಲ ಹೋಗುವಾಗ ತಿಂದ 0.72 ಜೂಲನ್ನು ಕೊಡುವುದಂತಿರಲಿ, ಬರುವಾಗ ಮತ್ತೆ ಅಷ್ಟನ್ನೇ ಕೇಳುತ್ತದೆ. ಉಳಿಯುವುದು 7.56 ಜೂಲ್, ವೇಗ ಸೆಕೆಂಡಿಗೆ 2.75 ಮೀಟರ್. ಘರ್ಷಣೆಯನ್ನು ಒಂದೇ ಸಲ ಕಳೆದು ಬಿಡುವುದು ತುಂಬ ಸಾಮಾನ್ಯವಾದ ತಪ್ಪು.

ಪ್ರಶ್ನೆ: ಇಂಥ ಲೆಕ್ಕದಲ್ಲಿ 'ಸರಾಸರಿ ಬಲ' ಎಂದರೆ ಯಾವುದು? ಶಕ್ತಿಯಿಂದ ತೆಗೆದರೆ ಒಂದು, ಸಂವೇಗದಿಂದ (ದ್ರವ್ಯರಾಶಿ × ವೇಗ) ತೆಗೆದರೆ ಇನ್ನೊಂದು ಬರುತ್ತಿದೆ. (ಉಪನ್ಯಾಸಕರು, ವಿಜಯಪುರ)

ಉತ್ತರ: ಎರಡೂ ಸರಿ, ಎರಡೂ ಬೇರೆ. ಮೇಲಿನ ದಿಮ್ಮಿಯನ್ನೇ ತೆಗೆದುಕೊಳ್ಳಿ, ಘರ್ಷಣೆ ಬೇಡ. 9 ಜೂಲನ್ನು 0.15 ಮೀ.ನಿಂದ ಭಾಗಿಸಿದರೆ 60 ನ್ಯೂಟನ್. ಇದು ದೂರದ ಮೇಲಿನ ಸರಾಸರಿ. ದಿಮ್ಮಿ ನಿಲ್ಲಲು ಹಿಡಿಯುವ ಕಾಲ ಒಂದು ಪೂರ್ಣ ಆಂದೋಲನದ ಕಾಲುಭಾಗ, ಸುಮಾರು 0.0785 ಸೆಕೆಂಡು. ಸಂವೇಗ 6ನ್ನು ಅದರಿಂದ ಭಾಗಿಸಿದರೆ 76.4 ನ್ಯೂಟನ್. ಇದು ಕಾಲದ ಮೇಲಿನ ಸರಾಸರಿ. ದಿಮ್ಮಿ ಆರಂಭದಲ್ಲಿ, ಅಂದರೆ ಬಲ ಕಡಿಮೆ ಇರುವ ಜಾಗದಲ್ಲಿ, ಸರ್ರನೆ ದಾಟಿಬಿಡುತ್ತದೆ. ಬಲ ಜಾಸ್ತಿ ಇರುವ ಕೊನೆಯಲ್ಲಿ ನಿಧಾನವಾಗಿ ತೆವಳುತ್ತದೆ. ಗಡಿಯಾರ ಹೆಚ್ಚು ಹೊತ್ತು ನೋಡುವುದು ದೊಡ್ಡ ಬಲವನ್ನೇ. ಆದ್ದರಿಂದ ಕಾಲದ ಸರಾಸರಿ ದೊಡ್ಡದು. ಶಕ್ತಿಯಿಂದ ತೆಗೆದ ಸರಾಸರಿ ಬಲವನ್ನು ಕಾಲದಿಂದ ಗುಣಿಸಿ ಸಂವೇಗ ಎಂದು ಬರೆದರೆ ಮಾತ್ರ ಅಂಕ ಕಳೆಯಿರಿ. ಹಾಗೆಯೇ, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಶಕ್ತಿಯ ಲೆಕ್ಕ ನೇರವಾಗಿ ಹೇಳುವುದಿಲ್ಲ. ಅದಕ್ಕೆ ಚಲನೆಯ ಸಮೀಕರಣಕ್ಕೆ ಹೋಗಲೇಬೇಕು.

ಪ್ರಶ್ನೆ: ಅಂಗಡಿಯ ಕೊಕ್ಕೆ ತಕ್ಕಡಿಗೆ 3 ಕೆ.ಜಿ. ಚೀಲ ನೇತುಹಾಕಿ ಕೈಬಿಟ್ಟರೆ ಮುಳ್ಳು 5ನ್ನೂ ದಾಟಿ ತುದಿಗೆ ಬಡಿದು ಬರುತ್ತದೆ. ತಕ್ಕಡಿ ಕೆಟ್ಟಿದೆಯೇ? (ಕಿರಾಣಿ ವ್ಯಾಪಾರಿ, ದಾವಣಗೆರೆ)

ಉತ್ತರ: ತಕ್ಕಡಿ ಕೆಟ್ಟಿಲ್ಲ, ಆದರೆ ಹೀಗೇ ಮಾಡುತ್ತಿದ್ದರೆ ಕೆಡುತ್ತದೆ. ಚೀಲ ಇಳಿಯುವಾಗ ಅದರ ತೂಕ ಬದಲಾಗುವುದಿಲ್ಲ, ಸ್ಪ್ರಿಂಗಿನ ಎಳೆತ ಮಾತ್ರ ಸೊನ್ನೆಯಿಂದ ಏರುತ್ತದೆ. 3 ಕೆ.ಜಿ. ಗುರುತಿಗೆ ಬಂದಾಗ ಎರಡೂ ಸಮ, ಆದರೆ ಚೀಲ ಅಷ್ಟರಲ್ಲಿ ವೇಗದಲ್ಲಿದೆ. ಅಲ್ಲಿಯವರೆಗೆ ತೂಕ ಮಾಡಿದ ಕೆಲಸದಲ್ಲಿ ಸ್ಪ್ರಿಂಗಿಗೆ ಸೇರಿದ್ದು ಅರ್ಧ, ಉಳಿದ ಅರ್ಧ ಚಲನಶಕ್ತಿ. ಅದು ಚೀಲವನ್ನು ಇನ್ನಷ್ಟೇ ದೂರ ಕೆಳಗೆ ಒಯ್ಯುತ್ತದೆ. ಹಾಗಾಗಿ ಮುಳ್ಳು 6ರ ಹತ್ತಿರ ಹೋಗಬೇಕು, ನಿಮ್ಮ ತಕ್ಕಡಿಯಲ್ಲಿ 5ಕ್ಕೇ ಜಾಗ ಮುಗಿಯುತ್ತದೆ. ಒಳಗಿನ ಉಜ್ಜಾಟದಿಂದ ಪೂರ್ತಿ ಎರಡು ಪಟ್ಟು ತಲುಪದಿರಬಹುದು, ಅಷ್ಟೇ.

ಕೈಯಲ್ಲಿ ಹಿಡಿದು ಮೆಲ್ಲಗೆ ಇಳಿಸಿದರೆ ಆ ಅರ್ಧವನ್ನು ನಿಮ್ಮ ಕೈ ಹೀರಿಕೊಳ್ಳುತ್ತದೆ. ಮೇಲಿಂದ ಬೀಳಿಸಿದರೆ ಸಂಗತಿ ಬಿಗಡಾಯಿಸುತ್ತದೆ: ಸುಮ್ಮನೆ ನೇತಾಡಿದಾಗ 1 ಸೆಂ.ಮೀ. ಇಳಿಯುವ ಸ್ಪ್ರಿಂಗಿನ ಮೇಲೆ ಅದೇ ತೂಕ 10 ಸೆಂ.ಮೀ. ಮೇಲಿಂದ ಬಿದ್ದರೆ ಗರಿಷ್ಠ ಬಲ ತೂಕದ 5.6 ಪಟ್ಟು.

ಪ್ರಶ್ನೆ: ನಮ್ಮ ಬಾವಿಯಲ್ಲಿ ನೀರು 20 ಮೀಟರ್ ಕೆಳಗಿದೆ. ಕೊಡಪಾನಕ್ಕೆ ತೂತು ಬಿದ್ದು ಸೇದುವಾಗ ನೀರು ಸೋರುತ್ತದೆ. ಸೋರಿದಷ್ಟೂ ಭಾರ ಕಡಿಮೆ, ಶ್ರಮವೂ ಕಡಿಮೆ ಎಂದು ಮಗ ವಾದ ಮಾಡುತ್ತಾನೆ. ಸರಿಯೇ? (ಗೃಹಿಣಿ, ಪುತ್ತೂರು)

ಉತ್ತರ: ಮಗನ ಮಾತು ಒಂದು ಕೊಡದ ಮಟ್ಟಿಗೆ ಸರಿ. ಮನೆಗೆ ಬೇಕಾದ ನೀರಿನ ಮಟ್ಟಿಗೆ ತಪ್ಪು.

ಕೊಡ 2 ಕೆ.ಜಿ., ನೀರು 12 ಲೀಟರ್, ಹಗ್ಗ ಮೀಟರಿಗೆ 0.3 ಕೆ.ಜಿ. ಎಂದಿಟ್ಟುಕೊಳ್ಳೋಣ. ಸೋರದ ಕೊಡಕ್ಕೆ 14 × 9.8 × 20, ಅಂದರೆ 2,744 ಜೂಲ್. ಹಗ್ಗದ್ದನ್ನು ಜನ ಮರೆಯುತ್ತಾರೆ. ಒಟ್ಟು ಹಗ್ಗ 6 ಕೆ.ಜಿ., ಆದರೆ ಅದರ ಕೆಳತುದಿ ಮಾತ್ರ 20 ಮೀಟರ್ ಏರುತ್ತದೆ, ಮೇಲ್ತುದಿ ಏರುವುದೇ ಇಲ್ಲ. ಸರಾಸರಿ 10 ಮೀಟರ್. ಅದಕ್ಕೆ 588 ಜೂಲ್. ಒಟ್ಟು 3,332. ಲೀಟರಿಗೆ 278 ಜೂಲ್ ಬಿತ್ತು.

ಈಗ ಮೇಲೆ ಬರುವಷ್ಟರಲ್ಲಿ ಒಂದೇ ಸಮನೆ 3 ಲೀಟರ್ ಸೋರಿಹೋಯಿತು ಅನ್ನಿ. ಕೊಡ, ನೀರು ಸೇರಿ ಸರಾಸರಿ 12.5 ಕೆ.ಜಿ.; ಕೆಲಸ 2,450, ಹಗ್ಗದ್ದು ಸೇರಿ 3,038 ಜೂಲ್. ಮಗ ಗೆದ್ದ. ಆದರೆ ಕೈಗೆ ಸಿಕ್ಕಿದ್ದು 9 ಲೀಟರ್, ಲೀಟರಿಗೆ 338 ಜೂಲ್. ಹಂಡೆ ತುಂಬಲು ಹೆಚ್ಚು ಸಲ ಸೇದಬೇಕು. ಸೇದಿದಾಗಲೆಲ್ಲ ಖಾಲಿ ಕೊಡ, ಹಗ್ಗ ಎರಡನ್ನೂ ಪುಕ್ಕಟೆ ಎತ್ತಬೇಕು.

ಇಲ್ಲೊಂದು ಸೂಕ್ಷ್ಮ. ಸೋರಿಕೆ ಎತ್ತರಕ್ಕೆ ತಕ್ಕಂತೆ ಆಗುತ್ತದೆ ಎಂದು ನಾವು ಹಿಡಿದೆವು. ವಾಸ್ತವದಲ್ಲಿ ತೂತು ನೋಡುವುದು ಹೊತ್ತನ್ನು. ನಿಧಾನ ಸೇದಿದರೆ ಹೆಚ್ಚು ಸೋರುತ್ತದೆ, ಬೇಗ ಸೇದಿದರೆ ಕಡಿಮೆ. ಆಗ ಬಲ ಜಾಗವನ್ನಷ್ಟೇ ಅವಲಂಬಿಸಿಲ್ಲ. ಸೇದುವವರ ವೇಗ ಗೊತ್ತಿಲ್ಲದೆ ಬಲ-ದೂರದ ಗೆರೆ ಎಳೆಯಲು ಬರುವುದಿಲ್ಲ. ರಾಟೆಗೆ ಎಣ್ಣೆ ಕಾಣಿಸದೆ ಎಷ್ಟೋ ದಿನವಾಗಿದ್ದರೆ ಈ ಯಾವ ಅಂಕಿಯೂ ನಿಮ್ಮ ರಟ್ಟೆಗೆ ಒಪ್ಪುವುದಿಲ್ಲ, ಅದಕ್ಕಿಂತ ಹೆಚ್ಚೇ ಬೀಳುತ್ತದೆ.

ಪ್ರಶ್ನೆ: ಶಾಲೆಯ ಮಕ್ಕಳು ಬೀಜದುಂಡೆ ಎಸೆಯಲು ಕ್ಯಾಟರ್‌ಬಿಲ್ಲು ಮಾಡಿದ್ದಾರೆ. ರಬ್ಬರನ್ನು ಲಗೇಜು ತೂಗುವ ಡಿಜಿಟಲ್ ತಕ್ಕಡಿಯಿಂದ ಎಳೆದು ಅಳೆದೆವು. 5, 10, 15, 20, 25 ಸೆಂ.ಮೀ. ಎಳೆದಾಗ ಕ್ರಮವಾಗಿ 1.2, 1.8, 2.2, 2.7, 3.5 ಕೆ.ಜಿ. ತೋರಿಸಿತು. ಇದರಿಂದ 10 ಗ್ರಾಂ ಉಂಡೆಗೆ ಲೆಕ್ಕ ಮಾಡಿದರೆ ಸೆಕೆಂಡಿಗೆ 31 ಮೀಟರ್ ಬರಬೇಕು. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ನೋಡಿದರೆ 21ರ ಆಸುಪಾಸು. ಉಳಿದದ್ದು ಎಲ್ಲಿ ಹೋಯಿತು? (ವಿಜ್ಞಾನ ಶಿಕ್ಷಕರು, ಸಾಗರ)

ಉತ್ತರ: ಅಳತೆ ಚೆನ್ನಾಗಿ ಮಾಡಿದ್ದೀರಿ, 25 ಸೆಂ.ಮೀ.ಯಲ್ಲಿನ ಒಂದೇ ಅಂಕಿ ಹಿಡಿದು ಕೂರಲಿಲ್ಲ. ಅಂಕಿಗಳನ್ನು ನೋಡಿದರೇ ಗೊತ್ತಾಗುತ್ತದೆ ರಬ್ಬರು ಸ್ಪ್ರಿಂಗಿನ ಹಾಗಲ್ಲ ಎಂದು: ಮೊದಲು ಬಿಗಿ, ನಡುವೆ ಸಡಿಲ, ಕೊನೆಗೆ ಮತ್ತೆ ಬಿಗಿ. ಇಲ್ಲಿ 'ಅರ್ಧ × ಸ್ಥಿರಾಂಕ × ದೂರದ ವರ್ಗ' ನಡೆಯುವುದಿಲ್ಲ, ಪಟ್ಟಿಗಳನ್ನು ಕೂಡುವುದೊಂದೇ ದಾರಿ. ಕೊನೆಯ ಅಂಕಿಯ ಅರ್ಧ ಮತ್ತು ನಡುವಿನವೆಲ್ಲ ಪೂರ್ತಿ ಸೇರಿಸಿದರೆ 9.65, ಅದನ್ನು 0.05 ಮೀ.ನಿಂದಲೂ, ಕೆ.ಜಿ.ಯನ್ನು ನ್ಯೂಟನ್ ಮಾಡಲು 9.8ರಿಂದಲೂ ಗುಣಿಸಿ. 4.73 ಜೂಲ್. ಇಷ್ಟು ಶಕ್ತಿ ಪೂರ್ತಿ 10 ಗ್ರಾಂ ಉಂಡೆಗೆ ಹೋದರೆ ನಿಜಕ್ಕೂ ಸೆಕೆಂಡಿಗೆ 31 ಮೀಟರ್.

ಪೂರ್ತಿ ಹೋಗುವುದಿಲ್ಲ. ಕಳ್ಳರು ಇಬ್ಬರು.

ಮೊದಲನೆಯದು ರಬ್ಬರೇ. ನೀವು ಅಳೆದದ್ದು ಎಳೆಯುವಾಗಿನ ಬಲ. ಅದೇ ತಕ್ಕಡಿಯಿಂದ ನಿಧಾನ ಹಿಂದಕ್ಕೆ ಬಿಡುತ್ತ ಅದೇ ಗುರುತುಗಳಲ್ಲಿ ಮತ್ತೊಮ್ಮೆ ಓದಿ. ಅಂಕಿಗಳು ಕಡಿಮೆ ಇರುತ್ತವೆ. ಉದಾಹರಣೆಗೆ 20ರಿಂದ ಕೆಳಕ್ಕೆ 2.2, 1.7, 1.3, 0.8 ಬಂದರೆ ರಬ್ಬರು ವಾಪಸು ಕೊಟ್ಟದ್ದು 3.8 ಜೂಲ್ ಮಾತ್ರ. ಎರಡು ಗೆರೆಗಳ ನಡುವಿನ ಕ್ಷೇತ್ರಫಲ ರಬ್ಬರಿನೊಳಗೇ ಬಿಸಿಯಾಗಿ ಉಳಿಯಿತು. ಎಳೆದಾಗ ರಬ್ಬರು ಬಿಸಿಯಾಗುವುದನ್ನು ಮಕ್ಕಳಿಗೆ ಮುಟ್ಟಿಸಿಯೇ ತೋರಿಸಬಹುದು: ಅಗಲದ ರಬ್ಬರ್ ಬ್ಯಾಂಡನ್ನು ತಟ್ಟನೆ ಎಳೆದು ಕೂಡಲೇ ತುಟಿಗೆ ತಾಗಿಸಿದರೆ ಬೆಚ್ಚಗಿರುತ್ತದೆ, ಸ್ವಲ್ಪ ಹೊತ್ತು ಹಾಗೇ ಹಿಡಿದು ಆರಲು ಬಿಟ್ಟು, ಸಡಿಲಿಸಿ ತಾಗಿಸಿದರೆ ತಣ್ಣಗಿರುತ್ತದೆ. ಆ ಬಿಸಿಯೆಲ್ಲ ನಷ್ಟವಲ್ಲ, ಸಡಿಲಿಸುವಾಗ ಬಹುಪಾಲು ಒಳಗೆ ವಾಪಸಾಗುತ್ತದೆ. ಎಳೆದು ಹಿಡಿದು ಗುರಿ ನೋಡುತ್ತ ನಿಂತಷ್ಟೂ ಅದು ಗಾಳಿಗೆ ಸೋರುತ್ತದೆ, ಹೊಡೆತ ಮೆತ್ತಗಾಗುತ್ತದೆ.

ಎರಡನೆಯದು ಉಂಡೆಯ ಜೊತೆಗೇ ಓಡುವ ಚರ್ಮದ ಚೀಲ ಮತ್ತು ರಬ್ಬರು. ಚೀಲ ಉಂಡೆಯಷ್ಟೇ ವೇಗದಲ್ಲಿ ಹೋಗುತ್ತದೆ, ಅದರ ತೂಕ ಪೂರ್ತಿ ಸೇರಿಸಿ. ರಬ್ಬರಿನ ಒಂದು ತುದಿ ಕವೆಗೆ ಕಟ್ಟಿದೆ, ಇನ್ನೊಂದು ಮಾತ್ರ ಓಡುತ್ತದೆ. ಹಾಗಾಗಿ ಅದರ ಮೂರನೇ ಒಂದು ಭಾಗ ಸೇರಿಸಿದರೆ ಸಾಕು. ಚೀಲ 3 ಗ್ರಾಂ, ರಬ್ಬರು 12 ಗ್ರಾಂ ಇದ್ದರೆ ಓಡಿಸಬೇಕಾದದ್ದು 10 ಗ್ರಾಂ ಅಲ್ಲ, 17 ಗ್ರಾಂ. 3.8 ಜೂಲ್, 17 ಗ್ರಾಂ: ಸೆಕೆಂಡಿಗೆ 21 ಮೀಟರ್. ನಿಮ್ಮ ವಿಡಿಯೊ ಹೇಳಿದ್ದೂ ಅದನ್ನೇ. ತೂಕಗಳನ್ನು ನಾವು ಅಂದಾಜಿನಲ್ಲಿ ಹಿಡಿದಿದ್ದೇವೆ. ಅಕ್ಕಸಾಲಿಗರ ತಕ್ಕಡಿ ಸಿಕ್ಕರೆ ನಿಮ್ಮವನ್ನು ತೂಗಿ ಹಾಕಿಕೊಳ್ಳಿ.

ಇದರಲ್ಲಿ ನಿಮಗೊಂದು ಉಪಯೋಗವಿದೆ. ಉಂಡೆಯನ್ನು 30 ಗ್ರಾಂ ಮಾಡಿದರೆ ವೇಗ 14ಕ್ಕೆ ಇಳಿಯುತ್ತದೆ, ಆದರೆ ಉಂಡೆ ಹೊತ್ತೊಯ್ಯುವ ಶಕ್ತಿ 2.2ರಿಂದ 3.1 ಜೂಲಿಗೆ ಏರುತ್ತದೆ. ಹಗುರ ಉಂಡೆ ಹಾಕಿದಷ್ಟೂ ರಬ್ಬರು ತನ್ನನ್ನು ತಾನೇ ಓಡಿಸಿಕೊಳ್ಳಲು ಖರ್ಚು ಮಾಡುತ್ತದೆ. ಉಂಡೆಯೇ ಇಲ್ಲದೆ ಬರೀ ಚೀಲ ಎಳೆದು ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಶಕ್ತಿಯೆಲ್ಲ ರಬ್ಬರಿಗೂ ಗಂಟಿಗೂ ಹೋಗಿ ಕವೆಯ ಹತ್ತಿರ ರಬ್ಬರೇ ಹರಿಯುತ್ತದೆ, ಹರಿದ ತುದಿ ಮುಖಕ್ಕೇ ಬರುತ್ತದೆ. ಅಳೆಯುವಾಗಲೂ ಕಣ್ಣಿಗೆ ಕನ್ನಡಕ ಇರಲಿ.

ಪ್ರಶ್ನೆ: ಗಾಳಿ ಇಲ್ಲ ಎಂದುಕೊಂಡರೆ, ಸೆಕೆಂಡಿಗೆ 8 ಕಿ.ಮೀ. ವೇಗದಲ್ಲಿ ನೆಟ್ಟಗೆ ಮೇಲಕ್ಕೆಸೆದ ಕಲ್ಲು ಎಷ್ಟು ಎತ್ತರ ಹೋಗುತ್ತದೆ? (ಓದುಗರು, ಮಸ್ಕತ್)

ಉತ್ತರ: ಶಾಲೆಯ ಲೆಕ್ಕದಂತೆ ಗುರುತ್ವ 9.8 ಎಂದೇ ಹಿಡಿದರೆ 3,265 ಕಿ.ಮೀ. ಅಷ್ಟು ಮೇಲೆ ಹೋಗುವಷ್ಟರಲ್ಲಿ ಗುರುತ್ವ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ, ಕಲ್ಲು ಅಲ್ಲಿ ನಿಲ್ಲುವುದಿಲ್ಲ. ಕಿಲೋಗ್ರಾಮಿಗೆ ಲೆಕ್ಕ ಹಾಕಿ: ಕಲ್ಲಿನ ಚಲನಶಕ್ತಿ 3.2 ಕೋಟಿ ಜೂಲ್. ಭೂಮಿಯ ಮೇಲ್ಮೈಯಿಂದ ಅದರ ಹಿಡಿತ ಪೂರ್ತಿ ಬಿಡಿಸಿಕೊಳ್ಳಲು ಬೇಕಾದದ್ದು ಸುಮಾರು 6.26 ಕೋಟಿ ಜೂಲ್. ಅದರಲ್ಲಿ 51% ಕೈಯಲ್ಲಿದೆ. ಗುರುತ್ವ ದೂರದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, ಭೂಮಿಯ ತ್ರಿಜ್ಯವನ್ನು ಕೇಂದ್ರದಿಂದಿರುವ ದೂರದಿಂದ ಭಾಗಿಸಿದರೆ ಬರುವ ಸಂಖ್ಯೆ 0.49ಕ್ಕೆ ಇಳಿದಾಗ ಕಲ್ಲು ನಿಲ್ಲುತ್ತದೆ. ಕೇಂದ್ರದಿಂದ ಸುಮಾರು 13,040 ಕಿ.ಮೀ., ನೆಲದಿಂದ 6,670. ಶಾಲೆಯ ಲೆಕ್ಕದ ಎರಡು ಪಟ್ಟಿಗಿಂತ ಹೆಚ್ಚು. ಆ 6.26 ಕೋಟಿಯೂ ಕೈಯಲ್ಲಿದ್ದರೆ ವೇಗ ಸೆಕೆಂಡಿಗೆ 11.2 ಕಿ.ಮೀ. ಆಗಿರುತ್ತದೆ, ಕಲ್ಲು ಮರಳುವುದೇ ಇಲ್ಲ.

ಪ್ರಶ್ನೆ: ಪಂಚಮಿಗೆ ಮರಕ್ಕೆ ಜೋಕಾಲಿ ಕಟ್ಟುತ್ತೇವೆ. ಹಗ್ಗ ಎಷ್ಟು ಭಾರ ತಾಳಬೇಕು? ಇನ್ನೊಂದು: ಹಗ್ಗದ ಎಳೆತ ಕೆಲಸ ಮಾಡುವುದಿಲ್ಲ ಎನ್ನುತ್ತಾರೆ. ಹಾಗಿದ್ದರೆ ಜೀಕಿದಾಗ ಜೋಕಾಲಿ ಮೇಲೇರುವುದು ಹೇಗೆ? (ಓದುಗರು, ಗದಗ)

ಉತ್ತರ: ಹಗ್ಗ 5 ಮೀಟರ್, ಜೋಕಾಲಿ 60 ಡಿಗ್ರಿಯವರೆಗೆ ಹೋಗುತ್ತದೆ ಅನ್ನಿ. ತುದಿಯಲ್ಲಿ ಎತ್ತರ 2.5 ಮೀಟರ್. ಕೆಳಗೆ ಬಂದಾಗ ವೇಗ ಸೆಕೆಂಡಿಗೆ 7 ಮೀಟರ್, ಗಂಟೆಗೆ 25 ಕಿ.ಮೀ. ಆಯಿತು. ದಾರಿಯುದ್ದಕ್ಕೂ ಎಳೆತ ಬದಲಾದರೂ ಅದು ಸದಾ ಚಲನೆಗೆ ಲಂಬ, ಆದ್ದರಿಂದ ಈ ಲೆಕ್ಕದಲ್ಲಿ ಅದು ಬರುವುದೇ ಇಲ್ಲ. ಆದರೆ ಹಗ್ಗಕ್ಕೆ ಅದರ ಬಿಸಿ ತಟ್ಟುತ್ತದೆ: ಅತಿ ಕೆಳಗಿನ ಬಿಂದುವಿನಲ್ಲಿ ಎಳೆತ ಸರಿಯಾಗಿ ತೂಕದ ಎರಡು ಪಟ್ಟು. ಹುಮ್ಮಸ್ಸಿನಲ್ಲಿ ಹಗ್ಗ ನೆಲಕ್ಕೆ ಸಮಾಂತರವಾಗುವಷ್ಟು ಏರಿಸಿದರೆ ಮೂರು ಪಟ್ಟು. ಇಬ್ಬರು ನಿಂತು ಜೀಕುವುದಾದರೆ 100 ಕೆ.ಜಿ.ಯ ಲೆಕ್ಕ 300ಕ್ಕೆ ಹೋಯಿತು. ಗಂಟು ಹಾಕಿದಲ್ಲಿ ಹಗ್ಗದ ತಾಳಿಕೆ ಕಡಿಮೆಯಾಗುತ್ತದೆ, ಕೊಂಬೆಗೆ ಉಜ್ಜುವಲ್ಲಿ ಎಳೆಗಳು ಹರಿಯುತ್ತವೆ. ಅಲ್ಲಿ ಗೋಣಿತಟ್ಟು ಸುತ್ತಿ, ದಿನಕ್ಕೊಮ್ಮೆ ಬಿಚ್ಚಿ ನೋಡಿ.

ಇನ್ನು ಜೀಕುವುದು. ಹಗ್ಗ ಕೆಲಸ ಮಾಡುವುದಿಲ್ಲ ಎನ್ನುವ ಮಾತು ಜೋಕಾಲಿಯ ಮೇಲಿನವರು ಬೊಂಬೆಯಂತೆ ಕೂತಿದ್ದರೆ ಸರಿ. ಜೀಕುವವರು ಕೆಳಗೆ ಬಂದಾಗ ಎದ್ದು ನಿಲ್ಲುತ್ತಾರೆ, ತುದಿಗೆ ಹೋದಾಗ ಕುಕ್ಕರಿಸುತ್ತಾರೆ. 50 ಕೆ.ಜಿ.ಯವರು ಎದ್ದಾಗ ಮೈಯ ಭಾರಕೇಂದ್ರ 30 ಸೆಂ.ಮೀ. ಮೇಲೇರುತ್ತದೆ ಎಂದಿಟ್ಟುಕೊಳ್ಳಿ. 60 ಡಿಗ್ರಿಯ ತೂಗಾಟದಲ್ಲಿ ಕೆಳಗೆ ಏಳುವಾಗ ಕಾಲುಗಳು ಮೈತೂಕದ ಎರಡು ಪಟ್ಟು ಬಲದ ವಿರುದ್ಧ ಒತ್ತಬೇಕು. ತುದಿಯಲ್ಲಿ ಕೂರುವಾಗ ಹಗ್ಗದ ದಿಕ್ಕಿನ ಬಲ ತೂಕದ ಅರ್ಧ ಮಾತ್ರ. ಕೊಟ್ಟದ್ದು ಹೆಚ್ಚು, ಹಿಂದಕ್ಕೆ ಬಂದದ್ದು ಕಡಿಮೆ. ವ್ಯತ್ಯಾಸ ಸುಮಾರು 220 ಜೂಲ್, ಅದು ಜೋಕಾಲಿಗೆ ಸೇರಿತು. ಮರುದಿನ ತೊಡೆ ನೋಯುವುದು ಇದಕ್ಕೇ.

ಇದೇ ಲೆಕ್ಕವನ್ನು 10 ಡಿಗ್ರಿಗೆ ಹಾಕಿದರೆ ಸಿಗುವುದು ಬರೀ 6.7 ಜೂಲ್. ಆದರೆ ಆಗ ಜೋಕಾಲಿಯಲ್ಲಿದ್ದ ಶಕ್ತಿಯೇ 37 ಜೂಲ್. 60 ಡಿಗ್ರಿಯಲ್ಲಿ 1,225. ಎರಡು ಕಡೆಯೂ ಗಳಿಕೆ 18%. ಏರಿಸಿದ 30 ಸೆಂ.ಮೀ.ಯ ಮೂರು ಪಟ್ಟನ್ನು ಹಗ್ಗದ ಉದ್ದದಿಂದ ಭಾಗಿಸಿದರೆ ಈ ಪಾಲು ಬರುತ್ತದೆ, ಕೋನ ಎಷ್ಟಿದ್ದರೂ ಸರಿ. ಅಂದರೆ ಜೀಕುವುದು ಚಕ್ರಬಡ್ಡಿಯ ವ್ಯವಹಾರ: ಎರಡು ಸಲ ಹೋಗಿಬರುವಷ್ಟರಲ್ಲಿ ಶಕ್ತಿ ಹೆಚ್ಚುಕಡಿಮೆ ಇಮ್ಮಡಿ, ಗಾಳಿ ಮತ್ತು ಹಗ್ಗದ ಉಜ್ಜಾಟ ತಿಂದದ್ದನ್ನು ಬಿಟ್ಟರೆ. ಹಗ್ಗ ಉದ್ದವಾದಷ್ಟೂ ಬಡ್ಡಿದರ ಕಡಿಮೆ, ಆದ್ದರಿಂದಲೇ ಎತ್ತರದ ಕೊಂಬೆಯ ಜೋಕಾಲಿ ಏರಿಸಲು ಹೆಚ್ಚು ಜೀಕಬೇಕು. ನಿಶ್ಚಲ ನಿಂತ ಜೋಕಾಲಿಯ ಮೇಲೆ ಎಷ್ಟು ಕೂತೆದ್ದರೂ ಅದು ಕದಲುವುದಿಲ್ಲ. ಅಸಲು ಸೊನ್ನೆಯಾದರೆ ಬಡ್ಡಿಯೂ ಸೊನ್ನೆ. ಮೊದಲು ಯಾರಾದರೂ ನೂಕಬೇಕು, ಇಲ್ಲವೇ ಕಾಲಿಂದ ನೆಲ ಒದೆಯಬೇಕು.

ಬೇಗ ನಿಲ್ಲಿಸಬೇಕಾದರೆ ಇದನ್ನೇ ತಿರುವುಮುರುವು ಮಾಡಿ: ತುದಿಯಲ್ಲಿ ಎದ್ದು ನಿಂತು, ಕೆಳಗೆ ಬಂದಾಗ ಕುಕ್ಕರಿಸಿ.